ಹಲಗೆಗೆ ಕಟ್ಟಿದ ಹಗ್ಗ

ತ್ರೇಸ್‌ಪುರಂ, ತೂತುಕುಡಿ
ಬುಧವಾರ, 30 ಏಪ್ರಿಲ್ 1997

ಪ್ರೀತಿಯ ಸಂತಿಯಾಗು ಅಣ್ಣನಿಗೆ, ತಂಗಿ ಅಮಲಿ ಬರೆಯುವುದು.

ಹೇಗಿದ್ದೀಯ ಅಣ್ಣ? ನಿನ್ನ ಹೊಟ್ಟೆನೋವು ಹೇಗಿದೆ? ಮಾಲೆ ದ್ವೀಪದಲ್ಲಿ ಕುಡಿಯುವ ನೀರು ಸಪ್ಪೆಯೂ ಅಲ್ಲ, ಉಪ್ಪೂ ಅಲ್ಲ ಎಂದು ದೋಣಿಯವರು ಹೇಳುತ್ತಾರೆ. ಕಾಯಿಸಿ ಕುಡಿ. ಸರಕು ದೋಣಿಯಲ್ಲಿ ನಿನಗೆ ಅಡುಗೆ ಕೆಲಸ ಕೊಟ್ಟಿದ್ದಾರೆಂದು ಕೇಳಿದೆ. ನಿನ್ನ ಕೈಯ ಅನ್ನ ತಿಂದೂ ಅವರೆಲ್ಲ ಬದುಕಿದ್ದಾರೆಂದರೆ ದೊಡ್ಡ ಮಾತು. ಅಮ್ಮ ತೀರಿಕೊಂಡ ವರ್ಷ ನೀನು ಮಾಡಿದ ಗಂಜಿ ನೆನಪಿದೆಯೇ? ಒಂದು ಕಡೆ ಅಕ್ಕಿ, ಒಂದು ಕಡೆ ನೀರು, ಎರಡಕ್ಕೂ ಜಗಳ. ಇಬ್ಬರೂ ನಕ್ಕು ನಕ್ಕು ಅದನ್ನೇ ತಿಂದೆವು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗೇ ಬರೆದೆ, ಮತ್ತೆ ಗೀಚಿ ಹಾಕಿದೆ. ಮೇಲೆ ಕಾಣುವ ಕಪ್ಪು ಅದೇ. ಜೆನೋವಾ ಚೆನ್ನಾಗಿದ್ದಾಳೆ, ಅವಳೊಬ್ಬಳ ಬಗ್ಗೆ ಹಾಗೆ ಬರೆಯಬಹುದು. ಎರಡೂವರೆ ವರ್ಷಕ್ಕೆ ಅವಳ ಬಾಯಿ ಅತ್ತೆಯ ಬಾಯಿಗೆ ಸಮವಾಗಿದೆ. ಬೀದಿಯಲ್ಲಿ ಯಾರಾದರೂ ಎತ್ತರದ ಗಂಡಸು ಹೋದರೆ ‘ಮಾಮಾ’ ಎಂದು ಕೂಗುತ್ತಾಳೆ. ತಿರುಗಿ ನೋಡಿದವನು ನೀನಲ್ಲ ಎಂದು ಗೊತ್ತಾದ ಮೇಲೆ ಅವನನ್ನೇ ಬೈಯುತ್ತಾಳೆ.

ಈ ಕಾಗದವನ್ನು ಶುಕ್ರವಾರ ಹೊರಡುವ ದೋಣಿಯನ್ನು ನಡೆಸುವ ತಾಂಡೇಲರ ಕೈಯಲ್ಲಿ ಕಳಿಸುತ್ತಿದ್ದೇನೆ. ಮಳೆಗಾಲಕ್ಕೆ ಮುಂಚೆ ಮಾಲೆಗೆ ಹೋಗಿ ಬರುವ ಕೊನೆಯ ದೋಣಿ ಇದು. ಚರ್ಚಿನ ಉಪದೇಶಿಯ ಹತ್ತಿರ ಹೇಳಿ ಬರೆಸಬಹುದಿತ್ತು, ಅವರ ಅಕ್ಷರ ಮುತ್ತಿನ ಹಾಗಿರುತ್ತದೆ. ಆದರೆ ಈ ವಿಷಯ ಅವರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಐದನೇ ಕ್ಲಾಸಿನವಳ ಅಕ್ಷರ, ಸಹಿಸಿಕೊಂಡು ಓದು.

ನೀನು ಹೋಗಿ ಇವತ್ತಿಗೆ ಐವತ್ತು ದಿನ. ನಮ್ಮನೆಯವರಿಗೆ ಎಚ್ಚರ ಬರುವ ಮೊದಲೇ ಹೊರಟುಬಿಟ್ಟೆ. ಆಸ್ಪತ್ರೆಯ ಅಂಗಳದಲ್ಲಿ ಅತ್ತೆ ಎದೆ ಬಡಿದುಕೊಂಡು ‘ತಂಗಿ ತಾಳಿ ನಿನ್ನ ಕೈಲಿತ್ತಲ್ಲೋ ಪಾಪಿ, ನನ್ನ ಮಗನ್ನ ಸುಡೋ ಬೆಂಕಿ ಮಧ್ಯೆ ಎಳೆದ್ಯಲ್ಲೋ’ ಎಂದು ಕೂಗಿದಾಗ ನೀನು ತಲೆ ಎತ್ತಲಿಲ್ಲ. ನಾನಾದರೂ ಒಂದು ಮಾತು ಆಡಬೇಕಿತ್ತು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಕಂಬದ ಹಿಂದೆ ನಿಂತಿದ್ದೆ. ಅಷ್ಟು ಜನರ ಮುಂದೆ ನನಗೆ ಯಾವತ್ತು ಮಾತು ಬಂದಿದೆ? ನೀನು ಗೇಟು ದಾಟಿ ಹೋಗುವುದನ್ನು ನೋಡಿದೆ, ಕೂಗಲಿಲ್ಲ. ಅದಕ್ಕೆ ನನ್ನನ್ನು ಕ್ಷಮಿಸು ಅಣ್ಣ. ಚಹಾ ಕುಡಿಯಲು ಹೋದೆ ಎಂದುಕೊಂಡಿದ್ದೆ.

ಆ ದಿನದ ಸಂಗತಿಯನ್ನು ಮತ್ತೆ ಬರೆಯಬೇಕಾಗಿದೆ. ನನಗೆ ಗೊತ್ತಿರುವುದನ್ನೇ ಇವಳೇಕೆ ಹೇಳುತ್ತಾಳೆ ಎಂದು ಮಡಿಸಿಡಬೇಡ. ನಿನಗೆ ಗೊತ್ತಿರುವುದು ನೀರಿನ ಮೇಲಿನ ಅರ್ಧ. ನೀನು ದೋಣಿಯ ಅಂಚಿನಲ್ಲಿ ಅವರ ಹಗ್ಗ ಹಿಡಿದು ನಿಂತಿದ್ದೆ. ಅವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಎಂಟು ಮಾರು ಕೆಳಗೆ ಶಂಖ ಹೆಕ್ಕುತ್ತಿದ್ದರು. ಹಗ್ಗ ಎರಡು ಸಲ ಜಗ್ಗಿತು. ಸಡಿಲ ಬಿಡು ಎಂದು ಅರ್ಥ, ನೀನು ಬಿಟ್ಟೆ. ಆಮೇಲೆ ಹಗ್ಗ ಲೆಕ್ಕವಿಲ್ಲದೆ ಕುಣಿಯಿತು. ನೀನು ಮೈಯೆಲ್ಲ ಕೈಯಾಗಿ ಎಳೆದೆ. ಅಪ್ಪನ ನೆನಪಾಗಿರಬೇಕು. ಅಪ್ಪನ ಹಗ್ಗ ಹಿಡಿಯಬೇಕಾದ ಅಮ್ಮನ ಅಣ್ಣ ಆ ದಿನ ಮದುವೆಗೆ ಹೋಗಿ, ಕೂಲಿಯವನೊಬ್ಬ ಹಿಡಿದು, ಅವನು ಬೀಡಿ ಹಚ್ಚುವಷ್ಟರಲ್ಲಿ ಹಗ್ಗ ಕುಣಿದು ಸುಮ್ಮನಾಗಿತ್ತು. ಆಗ ನಿನಗೆ ಹದಿನಾಲ್ಕು, ನನಗೆ ಏಳು. ‘ನನ್ನ ಕೈಲಿ ಹಗ್ಗ ಮಿಸುಕಿದ್ರೆ ಸಾಕು, ಮೀನಿಗೂ ಗೊತ್ತಾಗದ ಹಾಗೆ ಮೇಲಿರ್ತಾನೆ’ ಎಂದು ನನ್ನ ಮದುವೆಯ ದಿನ ಎಲ್ಲರ ಮುಂದೆ ಹೇಳಿದೆ. ಮಾತೆಯ ಕೋವಿಲಿನಿಂದ ನೇರ ದಂಡೆಗೆ ಹೋಗಿ ಅವರು ತಮ್ಮ ಹಗ್ಗದ ತುದಿಯನ್ನು ನಿನ್ನ ಕೈಗೆ ಕೊಟ್ಟಾಗ, ‘ಹಗ್ಗ ಸಿಕ್ತು, ಕೋಣ ಎಲ್ಲಿ?’ ಎಂದು ನೀನು ಸುತ್ತ ಹುಡುಕಿದ್ದು, ಅವರು ಕೋಟು ಟೈಯಲ್ಲೇ ತಲೆ ತಗ್ಗಿಸಿ ನಿನ್ನ ಹೊಟ್ಟೆಗೆ ಹಾಯ್ದದ್ದು, ಈಗಲೂ ನಮ್ಮ ಬೀದಿಯವರು ಹೇಳಿಕೊಂಡು ನಗುತ್ತಾರೆ.

ನೀರಿನ ಕೆಳಗಿನ ಅರ್ಧ ಅವರು ನನಗೆ ಹೇಳಿದ್ದು. ಹೆಕ್ಕುತ್ತಿದ್ದಾಗ ಮರಳಿನ ಮೇಲೆ ನೆರಳು ಬಿತ್ತಂತೆ. ಮೋಡ ಎಂದುಕೊಂಡರಂತೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದರೆ ಸೊರಿ ಮೀನಿನ ಹಿಂಡು. ಒಂದಲ್ಲ, ಹತ್ತಲ್ಲ, ಕಣ್ಣು ಹೋಗುವವರೆಗೂ ಲೋಳೆಯ ಕೊಡೆಗಳು, ಒಂದೊಂದರ ಕೆಳಗೂ ಇಳಿಬಿದ್ದ ನೂಲು. ಅವರ ತಲೆಯಿಂದ ಮೂರು ಮಾರು ಮೇಲೆ, ನಮ್ಮ ಹಬ್ಬಕ್ಕೆ ಬೀದಿಗೆ ಅಡ್ಡ ಕಟ್ಟುವ ಬಿಳಿ ಚಪ್ಪರದ ಹಾಗೆ, ನಿಧಾನವಾಗಿ ನೀರಿನ ಜೊತೆ ಹೋಗುತ್ತಿತ್ತಂತೆ. ‘ನೋಡೋಕೆ ಚೆಂದ ಇತ್ತು ಕಣೇ’ ಎಂದರು. ಸಿಲಿಂಡರಿನಲ್ಲಿ ಇನ್ನೂ ಇಪ್ಪತ್ತು ನಿಮಿಷದ ಗಾಳಿ ಇತ್ತು. ತಳ ಹಿಡಿದು, ಸೆಳೆತಕ್ಕೆ ಎದುರಾಗಿ ತೆವಳುತ್ತಾ ಹೋದರೆ ಚಪ್ಪರ ಮುಗಿಯುತ್ತದೆ, ಆಮೇಲೆ ಏಳೋಣ ಎಂದು ಎರಡು ಸಲ ಜಗ್ಗಿದರು. ಅಷ್ಟರಲ್ಲಿ ಹಿಂಡು ಬಿಟ್ಟು ಕೆಳಗೆ ಇಳಿದಿದ್ದ ಒಂದು ಸೊರಿಯ ನೂಲು ಕುತ್ತಿಗೆಗೂ ಮಣಿಕಟ್ಟಿಗೂ ಸುತ್ತಿಕೊಂಡಿತು. ಹಗ್ಗ ಜಗ್ಗಿದ್ದು ತಾವಲ್ಲ, ತಮ್ಮ ಕೈ ತಾನೇ ಕುಣಿಯಿತು ಎನ್ನುತ್ತಾರೆ. ಮೇಲೆ ನಿನಗೆ ಅದು ಕೂಗಿದ ಹಾಗೆ ಕೇಳಿಸಿತು. ನೀನು ಎಳೆದೆ, ಅವರು ಆ ಚಪ್ಪರವನ್ನು ಹರಿದುಕೊಂಡು ಮೇಲೆ ಬಂದರು.

ಆಮೇಲಿನದು ನಮ್ಮ ಅಜ್ಜಂದಿರ ಮದ್ದು. ಮರಳು ಹಾಕಿ ತಿಕ್ಕಿದಿರಿ, ಕುಡಿಯುವ ನೀರು ಸುರಿದಿರಿ. ಅದರಿಂದಲೇ ಅಂಟಿದ್ದ ನೂಲಿನ ವಿಷ ಮತ್ತಷ್ಟು ಇಳಿಯಿತು ಎಂದು ಡಾಕ್ಟರಮ್ಮ ಗದರಿದರು. ‘ನಿಮ್ಮವರ ಪ್ರೀತಿನೇ ಅರ್ಧ ಕೊಲ್ತದಲ್ಲಮ್ಮಾ’ ಎಂದರು. ಈಗ ಕಸ್ಮೀರ್ ಮಾವ ದೋಣಿಯಲ್ಲಿ ಎರಡು ಬಾಟಲಿ ವಿನೆಗರ್ ಇಟ್ಟುಕೊಂಡಿದ್ದಾರೆ. ದೋಣಿಯ ಒಡೆಯ ಸಮ್ಮಾಟಿಯಾಗಿ ಮೂವತ್ತು ವರ್ಷ ಚುಕ್ಕಾಣಿ ಹಿಡಿದವರು, ಅವರಿಗೂ ಗೊತ್ತಿರಲಿಲ್ಲ.

ಹನ್ನೊಂದನೇ ದಿನ ಅವರಿಗೆ ಮಾತು ಬಂತು. ಮೊದಲು ಕೇಳಿದ್ದು ನೀರು, ಎರಡನೆಯದು ‘ಭಾವ ಎಲ್ಲಿ?’ ನಾನು ಸುಳ್ಳು ಹೇಳಿದೆ, ಊಟಕ್ಕೆ ಹೋಗಿದ್ದಾನೆ ಎಂದೆ. ಮೂರು ದಿನ ನೀನು ಊಟವನ್ನೇ ಮಾಡುತ್ತಿದ್ದೆ. ನಾಲ್ಕನೇ ದಿನ ಅವರು, ‘ಇಷ್ಟು ಹೊತ್ತು ತಿಂದ್ರೆ ನಿಮ್ಮಣ್ಣನ್ನ ತಿಮಿಂಗಿಲ ಅಂತ ಹಿಡ್ಕೊಂಡು ಹೋಗ್ತಾರೆ’ ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಗೊತ್ತಾಗಿತ್ತು.

ಅಣ್ಣ, ಇದನ್ನು ನಿಧಾನವಾಗಿ ಓದು. ಒಂದು ಮಧ್ಯಾಹ್ನ ಅವರನ್ನು ಕೇಳಿದೆ, ನಮ್ಮಣ್ಣ ಎಳೆಯದೆ ಇದ್ದಿದ್ದರೆ? ಅವರೆಂದರು: ‘ನೂಲು ತಾಗಿದ ತಕ್ಷಣ ಕಿರುಚಿದೆ, ಬಾಯಲ್ಲಿದ್ದ ಗಾಳಿ ರಬ್ಬರು ಬಿದ್ದುಹೋಯ್ತು. ಭಾವ ಎಳೀದೆ ಇದ್ದಿದ್ರೆ ಅಲ್ಲೇ ನೀರು ಕುಡಿದು ಮಲಗಿರ್ತಿದ್ದೆ. ಎಳೆದಿದ್ದಕ್ಕೆ ಮೈ ಸುಟ್ಟಿತು, ಎಳೆದಿದ್ದಕ್ಕೇ ಉಸಿರು ಉಳೀತು. ಅವನಿಗೆ ಬರೆದು ಹೇಳು.’ ಬರೆದು ಹೇಳಿದ್ದೇನೆ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಆದರೆ ನಿನಗೆ ನಾನು ಅರ್ಧ ಸತ್ಯ ಬರೆಯಲಾರೆ. ಅತ್ತೆ ಕೇಳಿದಾಗ ಅವರೇ, ರಬ್ಬರು ಬಾಯಲ್ಲೇ ಇತ್ತು, ಮೇಲೆ ಬಂದ ಮೇಲೆ ಉಗಿದೆ ಎಂದಿದ್ದರು. ಯಾವುದು ನಿಜವೋ ನನಗೆ ಗೊತ್ತಿಲ್ಲ. ನಿನ್ನನ್ನು ಉಳಿಸಲು ನನಗೆ ಸುಳ್ಳು ಹೇಳಿದರೋ, ತಾನು ಕಿರುಚಿದೆ ಎಂದು ಹೇಳಲು ನಾಚಿ ತಾಯಿಗೆ ಸುಳ್ಳು ಹೇಳಿದರೋ. ಕೇಳಿದರೆ ನಗುತ್ತಾರೆ. ಆದರೆ ನಿನ್ನ ಮೇಲೆ ಅವರ ಮನಸ್ಸಿನಲ್ಲಿ ಒಂದು ಎಳೆ ಕೋಪ ಇಲ್ಲ. ಇದು ಸತ್ಯ. ಇದನ್ನು ನಾನು ಬೇಕಾದರೆ ಮಾತೆಯ ಪೀಠದ ಮುಂದೆ ಹೇಳುತ್ತೇನೆ.

ಈಗಿನ ಸ್ಥಿತಿ ಹೇಳುತ್ತೇನೆ. ಕುತ್ತಿಗೆಯಿಂದ ಎದೆಯವರೆಗೆ ಬರೆ ಕಂದು ಬಣ್ಣಕ್ಕೆ ತಿರುಗಿದೆ, ಯಾರೋ ಹಗ್ಗ ಬಿಗಿದು ಬಿಚ್ಚಿದ ಹಾಗೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಬಲೆ ಹೆಣೆಯಲು ಕೂತರು, ಗಂಟು ಕೂಡಲಿಲ್ಲ. ಈಸ್ಟರ್ ಆದ ಮೇಲೆ ಉಪ್ಪಿನ ಗದ್ದೆಗೆ ಹೋದರು. ಎರಡನೇ ದಿನ ಮಧ್ಯಾಹ್ನವೇ ಬಂದರು, ಬರೆಯೆಲ್ಲ ಬಾಯಿ ಬಿಟ್ಟಿತ್ತು. ಉಪ್ಪು ಕೂತ ಕಡೆಯೆಲ್ಲ ರಕ್ತ. ಆ ವಾರವೇ ‘ನೀರಿಗೇ ಹೋಗ್ತೀನಿ’ ಎಂದರು. ಡಾಕ್ಟರಮ್ಮ ಹೇಳಿದ್ದು ನನ್ನ ತಲೆಯಲ್ಲಿ ಗಂಟೆಯ ಹಾಗೆ ಹೊಡೆಯುತ್ತದೆ: ಇನ್ನೊಂದು ಸಲ ಸೊರಿ ಸುತ್ತಿದರೆ ಈ ಮೈ ತಡೆಯಲಾರದು, ಸ್ವಲ್ಪವೇ ತಾಗಿದರೂ ಉಸಿರು ಕಟ್ಟಬಹುದು, ತಾಗಿದ ಕೂಡಲೇ ಮೇಲೆ ತಂದು ಆಸ್ಪತ್ರೆಗೆ ಸೇರಿಸಬೇಕು. ನಾನು ಅತ್ತುಕೊಂಡು ಗೋಗರೆದೆ. ಮಗುವನ್ನು ಅವರ ಕಾಲ ಮೇಲೆ ಹಾಕಿದೆ. ‘ನಂಗೆ ಬೇರೆ ಏನು ಬರ್ತದೆ ಅಮಲಿ? ನೀರಲ್ಲಿ ಈ ಕೈ ಭಾರ ಇಲ್ಲ. ಅಲ್ಲಿ ಮಾತ್ರ ನಾನು ಮೊದಲಿನ ಹಾಗೇ ಇದ್ದೀನಿ’ ಎಂದರು.

ಹಗ್ಗ ಯಾರು ಹಿಡಿಯುತ್ತಾರೆ ಎಂದು ಕೇಳಿದ್ದಕ್ಕೆ ‘ಇದ್ದಾರೆ’ ಎಂದಷ್ಟೇ ಹೇಳಿದರು. ಯಾರಿದ್ದಾರೆ? ಬೀದಿಯಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಅವನವನ ತಂಗಿಯ ಗಂಡನ ಹಗ್ಗವಿದೆ. ಒಡಹುಟ್ಟಿದವನು ಹಿಡಿದರೆ ಪಾಲು ನೆನಪಾದೀತು, ಗೆಳೆಯ ಹಿಡಿದರೆ ನಿದ್ದೆ ಬಂದೀತು, ಹೆಂಡತಿಯ ಅಣ್ಣ ಹಿಡಿದರೆ ತಂಗಿಯ ತಾಳಿ ಕಣ್ಣ ಮುಂದಿರುತ್ತದೆ ಎಂದು ಅಪ್ಪ ಹೇಳುತ್ತಿದ್ದರಲ್ಲ. ನಾಚಿಕೆ ಬಿಟ್ಟು ಮೂರು ಮನೆಗೆ ಹೋಗಿ ಕೇಳಿದೆ ಅಣ್ಣ. ಮೂರನೆಯ ಮನೆಯವನು ಕೈ ಮುಗಿದು, ‘ನಿನ್ನ ತಾಳಿನೂ ನಾನು ಹೊರಲಾ ತಾಯಿ? ನನ್ನ ತಂಗೀದು ಒಂದು ಹೊತ್ತೇ ನಂಗೆ ರಾತ್ರಿ ನಿದ್ದೆ ಬರಲ್ಲ’ ಎಂದ. ಅವನದು ತಪ್ಪಲ್ಲ.

ಕಳೆದ ಬುಧವಾರ ಮೀನು ಹರಾಜಿನ ಹತ್ತಿರ ಕಸ್ಮೀರ್ ಮಾವ ನನ್ನನ್ನು ಬದಿಗೆ ಕರೆದರು. ‘ಅಮ್ಮಾ, ನಿನ್ನ ಗಂಡ ಹಗ್ಗಾನ ದೋಣಿ ಹಲಗೆಗೆ ಕಟ್ಟಿ ಇಳೀತಾನೆ. ಹಲಗೆಗೆ ತಂಗಿ ಇದಾಳೇನೋ ಪನಿಮಯಂ ಅಂತ ಕೇಳ್ದೆ. ನಗ್ತಾನೆ, ಮೂರ್ಖ’ ಎಂದರು. ಆಮೇಲೆ ಅವರ ಮುಖ ಸಣ್ಣದಾಯಿತು. ಹಿಂದಿನ ದಿನ, ಮಂಗಳವಾರ, ಹಲಗೆ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತಂತೆ. ಅಲೆ ಎಂದುಕೊಂಡು ಅವರು ವೀಳ್ಯ ಮಡಿಸುತ್ತಾ ಕೂತಿದ್ದರಂತೆ. ಸ್ವಲ್ಪ ಹೊತ್ತಿನ ಮೇಲೆ ದೋಣಿಯಿಂದ ದೂರದಲ್ಲಿ ಇವರು ತಾವೇ ಮೇಲೆದ್ದು ಕೈ ಬೀಸಿದರು. ಕೆಳಗೆ ಮತ್ತೆ ಚಪ್ಪರ ಬಂದಿತ್ತು. ಇವರು ಹಗ್ಗ ಬಿಚ್ಚಿ ಬಿಟ್ಟು, ಅದರ ಅಡಿಯಲ್ಲಿ ತೆವಳಿ, ಗಾಳಿ ಮುಗಿಯುವ ಹೊತ್ತಿಗೆ ಹೊರಗೆ ಬಂದಿದ್ದರು. ಹಲಗೆ ಟಕ್ ಟಕ್ ಎಂದದ್ದು ಅಲೆಯಲ್ಲ ಅಣ್ಣ. ಅವರು ಬಿಚ್ಚುವ ಮೊದಲು ಜಗ್ಗುತ್ತಿದ್ದರು. ಕೇಳುವವರು ಇರಲಿಲ್ಲ.

ಆ ದಿನ ಮನೆಗೆ ಬಂದು ನಾನು ಕೂಗಾಡಿದೆ. ನಾನು ಕೂಗಿದ್ದು ಕೇಳಿ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು, ಯಾರೋ ಬೇರೆ ಹೆಂಗಸು ಬಂದಿದ್ದಾಳೆ ಎಂದುಕೊಂಡು. ಬೇರೆಯವರ ಕೈಗೆ ಯಾಕೆ ಕೊಡುವುದಿಲ್ಲ, ಕೂಲಿಯವನಾದರೂ ಆಗಲಿ ಎಂದೆ. ಅವರು, ‘ಇನ್ನೊಬ್ಬನ ಕೈಗೆ ಕೊಟ್ಟೆ ಅಂತ ಮಾಲೆವರೆಗೂ ಸುದ್ದಿ ಹೋಗ್ತದೆ. ಆಮೇಲೆ ಭಾವ ಯಾಕೆ ಬರ್ತಾನೆ? ಅವನ ಜಾಗ ಹಾಗೇ ಇರ್ಲಿ. ಬರೋವರೆಗೂ ಹಲಗೆ ಹಿಡ್ಕೊಂಡಿರ್ಲಿ’ ಎಂದರು. ಅತ್ತೆ ಅದನ್ನು ಕೇಳಿಸಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ನನ್ನ ಹತ್ತಿರ ಬಂದು, ‘ನಿನ್ನ ಅಣ್ಣಂಗೆ ಬರಿ. ಮುದುಕಿ ಬಾಯಿ ಮೀನಿನ ಬುಟ್ಟಿ ಹಾಗೆ, ತೊಳೆದ್ರೂ ನಾರ್ತದೆ, ಮನಸಲ್ಲಿ ಇಟ್ಕೋಬೇಡ ಅಂತ ಬರಿ’ ಎಂದರು. ಒಣಮೀನಿನ ಒಂದು ಪೊಟ್ಟಣವನ್ನೂ ತಾಂಡೇಲರ ಕೈಯಲ್ಲಿ ಕೊಡುತ್ತಿದ್ದಾರೆ. ಅದು ಅವರ ಕ್ಷಮೆ. ಉಪ್ಪು ಹೆಚ್ಚಿದೆ.

ಹೀಗಾಗಿ ಕೊಟ್ಟರೆ ನೀನು ಬರುವುದಿಲ್ಲ ಎಂದು ಅವರು ಹಗ್ಗ ಯಾರಿಗೂ ಕೊಡುತ್ತಿಲ್ಲ, ಅವರು ಸಾಯಲು ನಾನೇ ಕಾರಣನಾಗುತ್ತೇನೆ ಎಂದು ನೀನು ಬರುತ್ತಿಲ್ಲ. ನಿಮ್ಮಿಬ್ಬರ ಈ ಪ್ರೀತಿಯ ನಡುವೆ ನಾನು ದಿನಾ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ವಿಧವೆಯಾಗಿರುತ್ತೇನೆ. ದೋಣಿ ದಂಡೆಗೆ ಬಂದು ತಲೆ ಎಣಿಸಿದ ಮೇಲೆ ಮತ್ತೆ ಸುಮಂಗಲಿ. ದಂಡೆಯಲ್ಲಿ ನಿಲ್ಲಲೂ ನಾಚಿಕೆ, ನಿಲ್ಲದೆ ಇರಲೂ ಆಗುವುದಿಲ್ಲ. ಐಸಿನ ಕೊಟ್ಟಿಗೆಯ ಗೋಡೆಯ ಹಿಂದೆ ನಿಂತು ನೋಡುತ್ತೇನೆ. ಮೇ ಮುಗಿಯುವವರೆಗೆ ಶಂಖದ ಕಾಲ. ಈ ಬಿಸಿಲಿಗೆ ಸೊರಿ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ, ದಂಡೆಗೂ ಬಂದು ಬೀಳುತ್ತಿದೆ. ಮಕ್ಕಳು ಕೋಲಿನಿಂದ ಚುಚ್ಚಿ ಆಡುತ್ತಾರೆ.

ನಾಲ್ಕು ದಿನದಿಂದ ಮನೆಯಲ್ಲಿ ಒಂದು ಆಟ ನಡೆದಿದೆ. ಅವರು ಅಡುಗೆಮನೆಯಲ್ಲಿ ಕೂರುತ್ತಾರೆ, ನಾನು ಅಂಗಳದಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ, ಬಾಗಿಲಿನಿಂದ ಹಗ್ಗ. ಒಂದು ಜಗ್ಗಿದರೆ ಮೇಲೆ, ಎರಡಕ್ಕೆ ಸಡಿಲ, ಮೂರಕ್ಕೆ ಹಾಗೇ ಹಿಡಿ, ಎಳೆಯಬೇಡ. ಮೂರರದ್ದು ನಾವೇ ಮಾಡಿಕೊಂಡದ್ದು, ಮೇಲೆ ಚಪ್ಪರ ಇದ್ದರೆ ಎಂದು. ನಡುವೆ ಜೆನೋವಾ ಬಂದು ಹಗ್ಗಕ್ಕೆ ಜೋತುಬೀಳುತ್ತಾಳೆ, ಅವಳ ಜಗ್ಗುವಿಕೆ ಬೇರೆ, ಅವರದ್ದು ಬೇರೆ, ಈಗ ನನ್ನ ಅಂಗೈಗೆ ಗೊತ್ತಾಗುತ್ತದೆ. ನಿನ್ನೆ ಅವರು ಹೇಳದೆ ಕೇಳದೆ ಹಗ್ಗವನ್ನು ಆ ದಿನದ ಹಾಗೆ ಕುಣಿಸಿದರು. ನಾನು ಎದ್ದು ಎಳೆದೆ. ಅವರು ಹೊಸ್ತಿಲಿಗೆ ಮೊಣಕಾಲು ಬಡಿದುಕೊಂಡು ಬಂದು ಬಿದ್ದರು. ‘ಅಣ್ಣನ ತಂಗೀನೇ’ ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಕೈ ಯಾರನ್ನೂ ಕೇಳಲಿಲ್ಲ ಅಣ್ಣ. ಆಗ ನನಗೆ ನಿನ್ನ ಕೈ ಅರ್ಥವಾಯಿತು.

ಕಾಗದ ಮುಗಿಯುತ್ತಾ ಬಂತು. ಸಮುದ್ರದ ಮೇಲೆ ಹೋಗುವವರನ್ನೂ ಅದರ ಕೆಳಗೆ ಇಳಿಯುವವರನ್ನೂ ಪನಿಮಯ ಮಾತೆ ಒಂದೇ ಸೆರಗಿನಲ್ಲಿ ಮುಚ್ಚಿಕೊಳ್ಳಲಿ. ಅತ್ತೆಯ ಆಶೀರ್ವಾದ, ನಮ್ಮನೆಯವರ ನಮಸ್ಕಾರ, ಜೆನೋವಾಳ ಎಂಜಲು ಮುತ್ತು. ಅದು ತಾಗಿಯೇ ಇಲ್ಲಿ ಶಾಯಿ ಹರಡಿದೆ. ಹೊಟ್ಟೆ ಖಾಲಿ ಬಿಡಬೇಡ.

ನಿನ್ನ ತಂಗಿ,
ಅಮಲಿ

ಮತ್ತೆ: ತಾಂಡೇಲರ ಆಳು ಹೊರಗೆ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರದಿಂದ ಹಗ್ಗ ಹಿಡಿಯುವವಳು ನಾನು. ಅವರು ಒಪ್ಪಿದ್ದಾರೆ. ತಂಗಿ ಹಿಡಿದರೆ ಅಣ್ಣನ ಜಾಗ ಬೇರೆಯವರಿಗೆ ಹೋದ ಹಾಗಲ್ಲ ಎಂದೆ. ಕಸ್ಮೀರ್ ಮಾವ ‘ಹೆಂಗಸು ದೋಣಿ ಹತ್ತಿದ್ರೆ ಶಂಖ ಮುಖ ತಿರುಗಿಸ್ತದಮ್ಮಾ’ ಎಂದರು. ‘ಹಲಗೆ ಹಗ್ಗ ಹಿಡಿದಾಗ ತಿರುಗಿಸದ ಶಂಖ ನನ್ನ ನೋಡಿ ತಿರುಗಿಸ್ತದಾ ಮಾವ?’ ಎಂದೆ, ನಾನೇ ಅಂದೆ ಅಣ್ಣ, ಎಲ್ಲರ ಮುಂದೆ. ನಿನಗೆ ಈ ಕಾಗದ ಸಿಗುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಹಗ್ಗ ಕುಣಿದರೆ ನಾನು ಎಳೆಯುತ್ತೇನೆ, ಮೇಲೆ ಚಪ್ಪರ ಇರಲಿ ಇಲ್ಲದಿರಲಿ. ನನಗೆ ಬೇರೆ ಬರುವುದಿಲ್ಲ. ಅದು ಸರಿಯೋ ತಪ್ಪೋ ಆಮೇಲೆ ನನಗೆ ಹೇಳಬಲ್ಲವನು ಭೂಮಿಯ ಮೇಲೆ ನೀನೊಬ್ಬನೇ. ಈ ದೋಣಿ ಮಾಲೆಯಲ್ಲಿ ನಿಲ್ಲುವುದು ಮೂರೇ ದಿನ, ಅದು ವಾಪಸು ಹೊರಟಾಗ ನೀನು ಅದರಲ್ಲಿರು. ನೀನು ಬಿಟ್ಟುಹೋದ, ಹಗ್ಗ ಉಜ್ಜದಂತೆ ಅಂಗೈಗೆ ಕಟ್ಟುವ ತೊಗಲಿನ ಪಟ್ಟಿ ನನ್ನ ಕೈಗೆ ದೊಡ್ಡದಾಗುತ್ತದೆ. ಜೆನೋವಾಳ ಹಳೆಯ ಅಂಗಿ ತುರುಕಿ ಕಟ್ಟಿಕೊಂಡಿದ್ದೇನೆ.